ಪಾಯಿಂಟ್ ನೈನ್ ನೈನ್

ಅಮೆರಿಕದವರು ನಮಗಿಂತ ಮೊದಲೇ ಹೇಳಿಬಿಟ್ಟರು. 2001ರ ಜುಲೈ 6. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವೇಗವರ್ಧಕ ಕೇಂದ್ರದ ಬಾಬರ್ ತಂಡ (ಮೊಗಲ ದೊರೆಯಲ್ಲ, ಫ್ರೆಂಚ್ ಮಕ್ಕಳ ಕಥೆಯ ಆನೆ) ತನ್ನ ಅಳತೆಯನ್ನು ಪ್ರಕಟಿಸಿತು: 0.59. ಜಪಾನಿನ ತ್ಸುಕುಬಾದಲ್ಲಿ ಬೆಲ್ ತಂಡದ ನಾವು ಬೆನ್ನು ಹತ್ತಿದ್ದೂ ಅದೇ ಸಂಖ್ಯೆಯನ್ನೇ. ನಮ್ಮ ಯಂತ್ರ ಇನ್ನೂ ಓಡುತ್ತಿತ್ತು, ಡೇಟಾ ಇನ್ನೂ ಬರುತ್ತಿತ್ತು. ರೋಮ್‌ನ ಸಮ್ಮೇಳನ ಶುರುವಾಗುವುದು 23ಕ್ಕೆ. ಎಣಿಸಿಕೊಳ್ಳಿ, ಎಷ್ಟು ದಿನ ಉಳಿಯಿತು ಅಂತ.

ಬೆಲ್‌ನಲ್ಲಿ ಆಗ ಮುಂಬಯಿಯ ಟಾಟಾ ಸಂಸ್ಥೆ, ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯ, ಭುವನೇಶ್ವರದ ಉತ್ಕಲ ವಿಶ್ವವಿದ್ಯಾಲಯಗಳ ಗುಂಪುಗಳಿದ್ದವು. ನಾನು ಮುಂಬಯಿ ಗುಂಪಿನ ಕಿರಿಯ. ಪಾಳಿ ಕಾಯುವುದು, ಹೇಳಿದ ಪ್ರೋಗ್ರಾಂ ಓಡಿಸುವುದು, ಗ್ರಾಫ್ ತಿದ್ದಿ ಕೊಡುವುದು ನನ್ನ ಕೆಲಸ. ಆದರೆ ಅಂಥ ಬೇಸಿಗೆಯಲ್ಲಿ ಕಿರಿಯನಿಗೂ ನಿದ್ದೆ ಇರುವುದಿಲ್ಲ.

ಏನನ್ನು ಅಳೆಯುತ್ತಿದ್ದೆವು ಅಂದರೆ, ಅದಕ್ಕೆ 1973ಕ್ಕೆ ಹೋಗಬೇಕು. ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಕೊಬಯಾಶಿ, ಮಸ್ಕವಾ ಎಂಬ ಇಬ್ಬರು ತರುಣರು ಒಂದು ಪ್ರಬಂಧ ಬರೆದರು. ಕ್ವಾರ್ಕ್‌ಗಳು ಕೇವಲ ಮೂರು ಎಂದು ಲೋಕ ತಿಳಿದಿದ್ದ ಕಾಲದಲ್ಲಿ, ಆರು ಇದ್ದರೆ ದ್ರವ್ಯಕ್ಕೂ ಪ್ರತಿದ್ರವ್ಯಕ್ಕೂ ನಡತೆಯಲ್ಲಿ ವ್ಯತ್ಯಾಸ ತಾನಾಗಿಯೇ ಬರುತ್ತದೆ ಎಂದರು. ಅಂಥ ವ್ಯತ್ಯಾಸವೊಂದು ಕೇಯಾನ್ ಎಂಬ ಕಣಗಳಲ್ಲಿ 1964ರಲ್ಲೇ ಕಂಡಿತ್ತು, ಆದರೆ ಬಲು ಸಣ್ಣದು. ಬಿ ಮೆಸಾನ್ ಎಂಬ ಕಣದಲ್ಲಿ ಅದು ದೊಡ್ಡದಾಗಿ ಕಾಣಬೇಕೆಂದು 1980ರ ಹೊತ್ತಿಗೆ ಲೆಕ್ಕ ಹಾಕಿದವರು ಕಾರ್ಟರ್, ಸಾಂಡಾ, ಬಿಗಿ. ನಮ್ಮ 0.59 ಅಥವಾ ಇನ್ನೊಂದು ಎನ್ನುವ ಸಂಖ್ಯೆ ಆ ವ್ಯತ್ಯಾಸದ ಪ್ರಮಾಣ. ಸೊನ್ನೆ ಬಂದರೆ ಕ್ಯೋಟೋದ ಪ್ರಬಂಧಕ್ಕೆ ತೊಂದರೆ. ತಮಾಷೆ ಏನೆಂದರೆ, ಕೊಬಯಾಶಿ ಅವರು ಆಗ ಅದೇ ತ್ಸುಕುಬಾದ ಕೆಇಕೆ ಪ್ರಯೋಗಾಲಯದಲ್ಲೇ ಇದ್ದರು. ಅವರ ಮಾತಿಗೆ ಪರೀಕ್ಷೆ ನಡೆಯುತ್ತಿದ್ದದ್ದು ಅವರ ಅಂಗಳದಲ್ಲೇ, ನೆಲದಡಿಯ ಸುರಂಗದಲ್ಲಿ.

ಸುರಂಗದ ಸುತ್ತಳತೆ ಸುಮಾರು ಮೂರು ಕಿಲೋಮೀಟರ್. ಹಿಂದಿನ ಟ್ರಿಸ್ಟಾನ್ ಯಂತ್ರದ್ದನ್ನೇ ಬಳಸಿಕೊಂಡದ್ದು. ಒಂದು ಉಂಗುರದಲ್ಲಿ 800 ಕೋಟಿ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎಲೆಕ್ಟ್ರಾನು, ಇನ್ನೊಂದರಲ್ಲಿ 350 ಕೋಟಿಯ ಪಾಸಿಟ್ರಾನು. ಎರಡಕ್ಕೂ ಒಂದೇ ಶಕ್ತಿ ಯಾಕೆ ಕೊಡಲಿಲ್ಲ ಎನ್ನುವುದೇ ಇಡೀ ಕಥೆಯ ಜಾಣತನ.

ಡಿಕ್ಕಿಯಲ್ಲಿ ಹುಟ್ಟುವ ಬಿ ಮತ್ತು ಪ್ರತಿ-ಬಿ ಜೋಡಿಯಾಗಿ ಬರುತ್ತವೆ. ಒಂದು ಒಡೆಯುವ ಕ್ಷಣದವರೆಗೆ ಇನ್ನೊಂದು ಅದಕ್ಕೆ ವಿರುದ್ಧವಾಗಿಯೇ ಇರಬೇಕು, ಅಷ್ಟು ಬಿಗಿ ನಂಟು. ಎಷ್ಟು ಬಿ ಒಡೆದವು, ಎಷ್ಟು ಪ್ರತಿ-ಬಿ ಎಂದು ಸುಮ್ಮನೆ ಎಣಿಸಿದರೆ ವ್ಯತ್ಯಾಸ ಒಂದಕ್ಕೊಂದು ವಜಾ ಆಗಿ ಸೊನ್ನೆ. ಯಾವುದು ಮೊದಲು ಒಡೆಯಿತು, ಯಾವುದು ಆಮೇಲೆ, ಎಷ್ಟು ಹೊತ್ತು ಕಳೆದು ಎನ್ನುವುದು ಬೇಕು. ಆದರೆ ಬಿ ಬದುಕುವುದೇ ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದೂವರೆ ಪಾಲು. ಅದನ್ನು ಅಳೆಯುವ ಗಡಿಯಾರ ಎಲ್ಲಿದೆ? ಅದಕ್ಕೇ ಅಸಮ ಶಕ್ತಿಯ ಉಪಾಯ. ಪಿಯರ್ ಒಡೋನ್ 1987ರಲ್ಲಿ ಸೂಚಿಸಿದ್ದು. ಒಂದು ಕಡೆಯ ಶಕ್ತಿ ಹೆಚ್ಚಾದಾಗ ಹುಟ್ಟಿದ ಜೋಡಿ ಎಲೆಕ್ಟ್ರಾನ್ ಹೋಗುತ್ತಿದ್ದ ದಿಕ್ಕಿಗೇ ಓಡುತ್ತದೆ. ಓಡುವ ರೈಲಿನಿಂದ ಇಬ್ಬರು ಒಬ್ಬರಾದ ಮೇಲೊಬ್ಬರು ಧುಮುಕಿದರೆ, ಬಿದ್ದ ಜಾಗಗಳ ಅಂತರ ಅಳೆದು ನಡುವಿನ ಸಮಯ ಹೇಳಬಹುದಲ್ಲ, ಹಾಗೆ. ನಮ್ಮಲ್ಲಿ ಆ ಅಂತರ ಸರಾಸರಿ ಮಿಲಿಮೀಟರಿನ ಐದನೇ ಒಂದು ಪಾಲು. ಡಿಕ್ಕಿಯ ಜಾಗವನ್ನು ಸುತ್ತುವರಿದ ಸಿಲಿಕಾನ್ ಪಟ್ಟಿಗಳು ಅಷ್ಟನ್ನು ಗುರುತಿಸಬಲ್ಲವು.

ಯಂತ್ರದವರ ಪಾಡು ಬೇರೆಯೇ. ಪಾಸಿಟ್ರಾನ್ ಉಂಗುರದಲ್ಲಿ ಒಂದು ಕಾಟ ಶುರುವಾಗಿತ್ತು. ಪಾಸಿಟ್ರಾನುಗಳು ತಿರುಗುವಾಗ ಸೂಸುವ ಬೆಳಕು ಕೊಳವೆಯ ಗೋಡೆಗೆ ಬಡಿದು ಎಲೆಕ್ಟ್ರಾನುಗಳನ್ನು ಹೊರಗೆಬ್ಬಿಸುತ್ತಿತ್ತು. ಅವು ಮೋಡದಂತೆ ಕವಿದು ಕಿರಣವನ್ನು ಊದಿಸಿಬಿಡುತ್ತಿದ್ದವು. ಊದಿದ ಕಿರಣದಲ್ಲಿ ಡಿಕ್ಕಿ ಕಡಿಮೆ. ಕೊಳವೆಯ ಮೇಲೆಲ್ಲ ತಂತಿಯ ಸುರುಳಿ ಸುತ್ತಿ, ಕರೆಂಟು ಹರಿಸಿ, ಸಣ್ಣ ಕಾಂತಕ್ಷೇತ್ರದಿಂದ ಆ ಎಲೆಕ್ಟ್ರಾನುಗಳನ್ನು ಗೋಡೆಗೇ ಮರಳಿಸಿದರು. ಕೋಟಿಗಟ್ಟಲೆಯ ಯಂತ್ರವನ್ನು ದಾರಿಗೆ ತಂದದ್ದು ಸುತ್ತಿದ ತಾಮ್ರ! ಭೌತಶಾಸ್ತ್ರಜ್ಞರ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಈ ತಂತಿ ಸುತ್ತಿದವರದ್ದು ಬರುವುದಿಲ್ಲ ಎನ್ನುವ ಬೇಸರ ನನಗೆ ಈಗಲೂ ಇದೆ.

ರಾತ್ರಿ ಪಾಳಿಯಲ್ಲಿ ಕಿರಣ ಕ್ಷೀಣಿಸಿ ಮತ್ತೆ ತುಂಬಿಸುವ ಹೊತ್ತಿಗೆ ಡಿಟೆಕ್ಟರಿನ ಹೈ ವೋಲ್ಟೇಜ್ ಇಳಿಸಬೇಕು, ತುಂಬಿದ ಮೇಲೆ ಏರಿಸಬೇಕು. ನಡುವೆ ಐದು ನಿಮಿಷ ಬಿಡುವು ಸಿಕ್ಕರೆ ಯಂತ್ರದಲ್ಲಿ ಬೀಳುವ ಕಾಫಿ ಡಬ್ಬಿ ಹಿಡಿದು ಕೂರುತ್ತಿದ್ದೆ. ವಿಶ್ಲೇಷಣೆಯವರು ಆರಿಸಿಟ್ಟ ಘಟನೆಗಳಲ್ಲಿ ಒಂದನ್ನು ಪರದೆಗೆ ತರಿಸಿ ನೋಡುವ ಚಟ ಹತ್ತಿದ್ದು ಆಗಲೇ. ನಡುವಿನಿಂದ ಎರಡು ಗೆರೆ ನೇರವಾಗಿ ಹೊರಟು, ಕಬ್ಬಿಣದ ಪದರಗಳನ್ನೆಲ್ಲ ದಾಟಿ ಹೊರಬಿದ್ದಿವೆ: ಮ್ಯುಯಾನುಗಳು, ಜೆ-ಸೈ ಎಂಬ ಕಣ ಒಡೆದು ಬಂದವು. ನಡುವಿನಿಂದ ತುಸು ದೂರದಲ್ಲಿ, ಖಾಲಿ ಜಾಗದಲ್ಲಿ, ಇದ್ದಕ್ಕಿದ್ದಂತೆ ಇಂಗ್ಲಿಷಿನ ವಿ ಆಕಾರದ ಎರಡು ಗೆರೆ: ಕೆ-ಶಾರ್ಟ್ ಎಂಬ ಕಣ ಅಷ್ಟು ದೂರ ಗುರುತಿಲ್ಲದೆ ಬಂದು ಎರಡು ಪಯಾನಾಗಿದೆ. ಇಷ್ಟು ಒಂದು ಬಿ. ಉಳಿದ ಗೆರೆಗಳೆಲ್ಲ ಅದರ ಜೊತೆಗಾರನವು. ಅವುಗಳಲ್ಲಿ ಒಂದು ಕೇಯಾನ್ ಸಿಕ್ಕಿ, ಅದರ ಚಾರ್ಜ್ ಪಾಸಿಟಿವ್ ಆದರೆ ಜೊತೆಗಾರ ಬಹುಮಟ್ಟಿಗೆ ಬಿ, ನೆಗೆಟಿವ್ ಆದರೆ ಪ್ರತಿ-ಬಿ. ಇಂಥವು ಅಪರೂಪ. ಮೂರು ಕೋಟಿಗೂ ಮಿಕ್ಕ ಜೋಡಿಗಳನ್ನು ಜರಡಿ ಹಿಡಿದ ಮೇಲೆ ಕೊನೆಗೆ ನಮ್ಮ ಲೆಕ್ಕಕ್ಕೆ ಉಳಿದ ಘಟನೆಗಳು 1,137.

ಉತ್ತರ ಬಂತು: 0.99.

ನನ್ನ ಪಕ್ಕದಲ್ಲಿದ್ದ ನಮ್ಮ ಗುಂಪಿನ ಹಿರಿಯರು ಕನ್ನಡಕ ಹಣೆಗೇರಿಸಿ, "ಪಾಯಿಂಟ್ ನೈನ್ ನೈನ್? ಸರಿಯಾಗಿ ನೋಡಯ್ಯಾ," ಅಂದರು. ಅಳೆಯುತ್ತಿದ್ದದ್ದು ಒಂದು ಕೋನದ ಸೈನ್. ಸೈನ್ ಒಂದನ್ನು ದಾಟುವಂತಿಲ್ಲ. ಬೇರೆ ಅಳತೆಗಳಿಂದ ಸುತ್ತುಬಳಸಿ ಊಹಿಸಿದ್ದು 0.7ರ ಆಸುಪಾಸು. ಬಾಬರ್ ಅದರ ಕೆಳಗೆ, ನಾವು ಅದರ ಮೇಲೆ. ಎರಡೂ ಕಡೆ ಸುಮಾರು 0.15ರಷ್ಟು ಅನಿಶ್ಚಿತತೆ ಇತ್ತು. ಹಾಗೆ ನೋಡಿದರೆ ವ್ಯತ್ಯಾಸ ಎರಡು ಸಿಗ್ಮಾಕ್ಕೂ (ಸಿಗ್ಮಾ ಅಂದರೆ ಅನಿಶ್ಚಿತತೆಯ ಅಳತೆಗೋಲು) ತುಸು ಕಡಿಮೆ, ಜಗಳವಾಡುವಷ್ಟಲ್ಲ. ಆದರೆ ಊಟದ ಹಾಲಿನಲ್ಲಿ ಯಾರು ಸಿಗ್ಮಾ ಲೆಕ್ಕ ಹಾಕುತ್ತಾರೆ? "ಅವರದ್ದು ತಪ್ಪಿರಬಹುದು", "ನಮ್ಮದೇ ಏನೋ ಎಡವಟ್ಟು", ಎರಡೂ ಮಾತು ಒಂದೇ ಮೇಜಿನಲ್ಲಿ ಕೇಳಿಸುತ್ತಿತ್ತು. ಗೆರೆಗಳ ಗುರುತು, ದೂರದ ಲೆಕ್ಕ, ಜೊತೆಗಾರನನ್ನು ತಪ್ಪಾಗಿ ಗುರುತಿಸುವ ಪ್ರಮಾಣ, ಒಂದೊಂದನ್ನೂ ಮತ್ತೆ ಕೆದಕಿದರು. ಸಂಖ್ಯೆ ಅಲ್ಲಾಡಲಿಲ್ಲ. ಬಾಬರ್‌ಗೆ ಹತ್ತಿರ ಬರಲಿ ಎಂದು ಯಾರೂ ಅದನ್ನು ತಳ್ಳಲಿಲ್ಲ. ಬೆಲ್ ಬಗ್ಗೆ ನನಗಿರುವ ಗೌರವದಲ್ಲಿ ಹೆಚ್ಚಿನ ಪಾಲು ಆ ವಾರದ್ದು.

ರೋಮ್‌ನಲ್ಲಿ 0.99 ಅನ್ನೇ ಹೇಳಿದರು. ಬಿ ಮೆಸಾನ್‌ನಲ್ಲಿ ದ್ರವ್ಯ, ಪ್ರತಿದ್ರವ್ಯಗಳ ನಡತೆ ಬೇರೆ ಎನ್ನುವುದರಲ್ಲಿ ಎರಡೂ ತಂಡಕ್ಕೆ ಅನುಮಾನ ಉಳಿದಿರಲಿಲ್ಲ. ಎರಡು ಪ್ರಬಂಧಗಳೂ ಒಂದೇ ಪತ್ರಿಕೆಯಲ್ಲಿ ಒಂದರ ಬೆನ್ನಿಗೊಂದು ಅಚ್ಚಾದವು.

ಮರುವರ್ಷ ಆಮ್‌ಸ್ಟರ್‌ಡ್ಯಾಮ್ ಸಮ್ಮೇಳನದ ಹೊತ್ತಿಗೆ ಡೇಟಾ ಎರಡೂ ಕಡೆ ದುಪ್ಪಟ್ಟಿಗೂ ಮಿಕ್ಕಿತ್ತು. ಬಾಬರ್ 0.741, ಬೆಲ್ 0.719. ಅಷ್ಟೇ ಆಗಿದ್ದದ್ದು; ಅವರು ಮೇಲೆ ಬಂದರು, ನಾವು ಕೆಳಗೆ ಇಳಿದೆವು. 2008ರಲ್ಲಿ ಕೊಬಯಾಶಿ, ಮಸ್ಕವಾ ಅವರಿಗೆ ನಂಬು ಅವರ ಜೊತೆ ನೊಬೆಲ್ ಬಂತು.

ನಮಗೆ ಬುದ್ಧಿ ಬಂತೋ ಅಂದರೆ, ಅದೂ ಇಲ್ಲ. 2003ರಲ್ಲಿ ಜೆ-ಸೈ ಬದಲು ಫೈ ಎಂಬ ಕಣ ಬರುವ ಇನ್ನೊಂದು ಬಗೆಯ ಕ್ಷಯದಲ್ಲಿ ಇದೇ ಅಳತೆ ಮಾಡಿದಾಗ ಬೆಲ್‌ಗೆ ಸಿಕ್ಕದ್ದು ಮೈನಸ್ 0.96. ಬರಬೇಕಾದದ್ದು ಪ್ಲಸ್ 0.7ರ ಹತ್ತಿರ. ಹೊಸ ಭೌತವಿಜ್ಞಾನವೇ ಬಾಗಿಲು ತಟ್ಟಿತು ಎಂದು ಮತ್ತೆ ಗದ್ದಲ, ಸಿದ್ಧಾಂತಿಗಳ ಪ್ರಬಂಧಗಳ ಸುರಿಮಳೆ. ಡೇಟಾ ಬೆಳೆದ ಹಾಗೆ ಆ ಮೈನಸ್ ಕರಗಿಹೋಯಿತು. ಅದನ್ನು ವಿವರಿಸಿ ಬರೆದ ಪ್ರಬಂಧಗಳು ಮಾತ್ರ ಇನ್ನೂ ಇದ್ದ ಜಾಗದಲ್ಲೇ ಇವೆ; ಕೆಲವನ್ನು ನಾನೂ ಬಲು ಶ್ರದ್ಧೆಯಿಂದ ಓದಿದ್ದೆ.