ಕೇಳಿದವರಿಗೆ ಉತ್ತರ

ಹೆಬ್ಬಾಳ ಫ್ಲೈಓವರ್ ಮೇಲೆ ಕ್ಯಾಬ್ ನಿಂತರೆ ಸಹೋದ್ಯೋಗಿಗಳ ಮಾತು ಎಲ್ಲಿಗೆ ಬೇಕಾದರೂ ಹೋಗುತ್ತೆ. 'ನಿಮ್ಮೋರು ಯಾವಾಗ ಕನ್ವರ್ಟ್ ಆಗಿದ್ದು?' ಅಂತ ಯಾರಾದ್ರೂ ಕೇಳಿದರೆ ನನಗೇನೂ ಬೇಜಾರಿಲ್ಲ. ನಂಬಿಕೆಗೆ ಕಾರಣ ಕೇಳಿದವರಿಗೆ ಸೌಮ್ಯವಾಗಿ ಉತ್ತರಿಸಲು ಸಿದ್ಧರಿರಬೇಕು ಅನ್ನೋದು ಪೇತ್ರನ ಮೊದಲ ಪತ್ರದ ಮೂರನೇ ಅಧ್ಯಾಯದ ಮಾತು. ಗಮನಿಸಿ, ಅಲ್ಲಿ ಮೊದಲು ಇನ್ನೊಬ್ಬರು ಕೇಳಬೇಕು.

2022ರಲ್ಲಿ ಕರ್ನಾಟಕದಲ್ಲಿ ಮತಾಂತರ ಕಾಯ್ದೆ ಬಂದ ಮೇಲೆ, 'ಆಫೀಸಲ್ಲಿ ಸುಮ್ನಿರಪ್ಪ, ಯಾಕೆ ಬೇಕು' ಅಂತಾರೆ ನಮ್ಮ ಚರ್ಚಿನ ಹಿರಿಯರು. ಅವರ ಭಯ ಅರ್ಥವಾಗುತ್ತೆ. ಆದರೆ ಸಂವಿಧಾನದ 25ನೇ ವಿಧಿ ಧರ್ಮಪ್ರಸಾರದ ಹಕ್ಕು ಕೊಟ್ಟಿದೆ. ಅದು ತನ್ನ ಧರ್ಮದ ತತ್ವ ವಿವರಿಸುವ ಹಕ್ಕು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ನನಗೆ ಬೇಕಿರೋದೂ ಅಷ್ಟೇ. ಕೇಳಿದಾಗಲೂ ಬಾಯಿ ಬಿಡದಿದ್ದರೆ, ನನ್ನ ಪರವಾಗಿ ಅವರ ಅನುಮಾನವೇ ಉತ್ತರ ಕೊಡುತ್ತೆ.

ಅಪ್ಪ ತೀರಿಕೊಂಡ ವರ್ಷ ಊರಲ್ಲಿ ಸಾಲ, ಇಲ್ಲಿ ಹೊಸ ಕೆಲಸ. ಪ್ರಾರ್ಥನೆ ನನ್ನನ್ನ ಹಿಡಿದು ನಿಲ್ಲಿಸ್ತು. ಇಷ್ಟು ಹೇಳಿ, ಅವರ ಮನೆದೇವರ ಬಗ್ಗೆ ಕೇಳ್ತೀನಿ. ಅವರು ಹೇಳೋದನ್ನ ಪೂರ್ತಿ ಕೇಳಿಸಿಕೊಳ್ಳೋದೂ ನನ್ನ ಸಿದ್ಧತೆಯಲ್ಲೇ ಸೇರಿದೆ. ಅವರು ಮಾತು ಬದಲಿಸಿದರೆ, ನಾನೂ ಬದಲಿಸ್ತೀನಿ.