ಊರಿಲ್ಲದ ನಂಬರು

ನಮ್ಮ ಮನೆಯ ಅಪ್ಪೆಮಿಡಿ ಉಪ್ಪಿನಕಾಯಿ ಕಳೆದ ವರ್ಷ ಭರಣಿಯಿಂದ ಗಾಜಿನ ಬಾಟಲಿಗೆ ಬಡ್ತಿ ಪಡೆಯಿತು. ಹೆಸರಿಟ್ಟಾಯಿತು, ಲೇಬಲ್ಲಿನ ಕರಡೂ ಬಂತು. ಅದರ ಕೆಳತುದಿಯಲ್ಲಿ ಒಂದಂಗುಲ ಜಾಗ ಖಾಲಿ ಇತ್ತು. ಫೋನ್ ನಂಬರಿಗೆ ಬಿಟ್ಟ ಜಾಗ. ಮನೆಯ ಲ್ಯಾಂಡ್‌ಲೈನ್ ನಂಬರು ಹಾಕಿದರಾಯಿತಲ್ಲ ಎಂದೆ. ಬೆಂಗಳೂರಿನಿಂದ ಬಂದಿದ್ದ ಮಗ ನನ್ನನ್ನು ಮರುಕದಿಂದ ನೋಡಿದ.

“ಅಪ್ಪಯ್ಯ, 08384 ಅಂತ ಕಂಡ ಕೂಡಲೇ ಜನಕ್ಕೆ ಇದು ಶಿರಸಿ ಕಡೆಯದು ಅಂತ ಗೊತ್ತಾಗಿಬಿಡ್ತದೆ.”

“ಗೊತ್ತಾಗಲಿ. ಮಿಡಿ ಶಿರಸಿ ಕಡೆಯದೇ ಅಲ್ಲವೋ?”

“ಮಿಡಿ ಶಿರಸಿಯದು. ಕಂಪನಿ ಮಾತ್ರ ಎಲ್ಲಾ ಕಡೆಯದು ಅಂತ ಕಾಣಬೇಕು.”

ಎಲ್ಲಾ ಕಡೆಯದು ಎಂದು ಕಾಣಬೇಕಾದರೆ 1800ರಿಂದ ಶುರುವಾಗುವ ಟೋಲ್ ಫ್ರೀ ನಂಬರು ಬೇಕಂತೆ. ಅದಕ್ಕೆ ಊರಿಲ್ಲ, ಕೇರಿಯಿಲ್ಲ, ಕಂಬವಿಲ್ಲ, ತಂತಿಯಿಲ್ಲ. ಮಾವಿನ ಮಿಡಿಗಾದರೂ ನಮ್ಮಲ್ಲಿ ಹೆಸರು ದೆಸೆ ಉಂಟು. ಒಂದು ಮಾಳಂಜಿ ಅಪ್ಪೆ, ಇನ್ನೊಂದು ಅನಂತಭಟ್ಟನ ಅಪ್ಪೆ. ಊರಿನದೋ, ಮನುಷ್ಯನದೋ ಒಂದು ಗುರುತಿಲ್ಲದ ಮಿಡಿಯನ್ನು ನಮ್ಮವರು ಉಪ್ಪಿಗೇ ಹಾಕುವುದಿಲ್ಲ. ಅಂಥ ಮಿಡಿಯ ಬಾಟಲಿಗೆ ಹೇಳಹೆಸರಿಲ್ಲದ ನಂಬರು!

ನಂಬರಿನಲ್ಲಿ ಊರು ಇರುತ್ತಿದ್ದ ಕಾಲದವನು ನಾನು. ಅದಕ್ಕೂ ಹಿಂದೆ ಊರೇ ನಂಬರಾಗಿದ್ದ ಕಾಲವನ್ನೂ ಕಂಡಿದ್ದೇನೆ. ಆಗ ನಮ್ಮ ಮನೆಯ ನಂಬರು ಬರೀ 17. ಡಯಲ್ ಇಲ್ಲದ ಕಪ್ಪು ಪೆಟ್ಟಿಗೆ. ರಿಸೀವರ್ ಎತ್ತಿದರೆ ಎಕ್ಸ್‌ಚೇಂಜಿನ ಆಪರೇಟರ್ ಬರುತ್ತಿದ್ದರು. ಅವರಿಗೆ ನಂಬರಿಗಿಂತ ಜನ ಚೆನ್ನಾಗಿ ಗೊತ್ತು. “ಹೆಗಡೆಯವರು ಮನೇಲಿಲ್ಲ, ಈಗಷ್ಟೇ ಸೊಸೈಟಿ ಕಡೆ ಹೋದರು. ಅಲ್ಲಿಗೇ ಕೊಡಲಾ?” ಎಂದು ಕೇಳಿ, ಅಲ್ಲಿಗೇ ಕೊಡುತ್ತಿದ್ದರು. ಮೊನ್ನೆ ಟೋಲ್ ಫ್ರೀ ಮಾರುವ ಹುಡುಗ ಫೋನಿನಲ್ಲಿ ಅರ್ಧ ತಾಸು ವಿವರಿಸಿದ್ದೂ ಇದನ್ನೇ. ಹಗಲಿನ ಕರೆ ಒಬ್ಬರ ಮೊಬೈಲಿಗೆ, ರಾತ್ರಿಯದು ಇನ್ನೊಬ್ಬರದಕ್ಕೆ, ಒಬ್ಬರು ಎತ್ತದಿದ್ದರೆ ಮತ್ತೊಬ್ಬರಿಗೆ ತಾನಾಗಿ ಹೋಗುತ್ತದಂತೆ. ಅದಕ್ಕೆ ತಿಂಗಳಿಗಿಷ್ಟು ಬಾಡಿಗೆ. ನಮ್ಮ ಆಪರೇಟರ್ ದೀಪಾವಳಿಗೆ ಒಂದು ಗೊನೆ ಬಾಳೆಹಣ್ಣಿಗೆ ಇದನ್ನೆಲ್ಲ ಮಾಡುತ್ತಿದ್ದರು.

ಆಮೇಲೆ ಎಸ್‌ಟಿಡಿ ಬಂತು. ದೇಶದಲ್ಲಿ ಅದು ಮೊದಲು ಶುರುವಾದದ್ದು 1960ರಲ್ಲಿ, ಕಾನ್ಪುರ ಮತ್ತು ಲಖನೌ ನಡುವೆ. ನಮ್ಮ ಘಟ್ಟ ಹತ್ತುವುದಕ್ಕೆ ಅದಕ್ಕೆ ಬಹಳ ವರ್ಷ ಹಿಡಿಯಿತು. ಬಂದ ಮೇಲೆ ಊರೂರಿಗೊಂದು ಕೋಡ್. ಬೆಂಗಳೂರಿಗೆ 080, ಮೈಸೂರಿಗೆ 0821, ಶಿರಸಿಗೆ 08384. ಊರು ದೊಡ್ಡದಾದಷ್ಟೂ ಕೋಡ್ ಚಿಕ್ಕದು. ಇದರ ಹಿಂದೆ ಲೆಕ್ಕವಿದೆ. ಮುಂದಿನ ಸೊನ್ನೆ ಬಿಟ್ಟರೆ ಕೋಡ್, ನಂಬರು ಎರಡೂ ಸೇರಿ ಹತ್ತು ಅಂಕಿ ಆಗಬೇಕು. ಬೆಂಗಳೂರಿನಲ್ಲಿ ಫೋನುಗಳು ಜಾಸ್ತಿ, ನಂಬರಿಗೆ ಎಂಟು ಅಂಕಿ ಬೇಕು, ಕೋಡಿಗೆ ಎರಡೇ ಉಳಿಯುತ್ತದೆ. ನಮಗೆ ನಂಬರಿಗೆ ಆರು ಸಾಕು, ಕೋಡಿಗೆ ನಾಲ್ಕು. ಲೆಕ್ಕ ಏನೇ ಇರಲಿ, ನನಗೆ ಕಂಡದ್ದು ಲೋಕಾರೂಢಿ. ದೊಡ್ಡವರ ವಿಳಾಸ ಯಾವತ್ತೂ ಚಿಕ್ಕದು. ಮಂತ್ರಿಗೆ ‘ವಿಧಾನಸೌಧ’ ಎಂದರೆ ಕಾಗದ ಮುಟ್ಟುತ್ತದೆ. ನಮಗೆ ಮನೆ, ಮಜರೆ, ಅಂಚೆ, ತಾಲ್ಲೂಕು, ಜಿಲ್ಲೆ ಎಲ್ಲ ಬರೆದರೂ ಪೋಸ್ಟ್‌ಮ್ಯಾನ್ ಕೇಳಿಕೊಂಡೇ ಬರಬೇಕು.

ಮೊಬೈಲ್ ಬಂದು ನಂಬರು ಮನೆ ಬಿಟ್ಟು ಜೇಬು ಸೇರಿತು. ಆದರೂ ಮೊದಲ ಅಂಕಿಗಳಲ್ಲಿ ಕರ್ನಾಟಕದ್ದೋ ಮಹಾರಾಷ್ಟ್ರದ್ದೋ ಎಂಬ ಸುಳಿವು ಇರುತ್ತಿತ್ತು. 2015ರಿಂದ ಯಾವ ರಾಜ್ಯಕ್ಕೆ ಹೋದರೂ ಹಳೆಯ ನಂಬರನ್ನೇ ಇಟ್ಟುಕೊಳ್ಳಬಹುದು ಎಂದಾಯಿತು. ಆ ಸುಳಿವೂ ಅಳಿಸಿಹೋಯಿತು.

ಅಂತೂ ಮಗ ನಂಬರುಗಳ ಪಟ್ಟಿ ತಂದ. ಕೊನೆಯಲ್ಲಿ ಸೊನ್ನೆ ಜಾಸ್ತಿ ಇದ್ದಷ್ಟೂ ಬೆಲೆ ಜಾಸ್ತಿ. ಸೊನ್ನೆಗೆ ಬೆಲೆಯಿಲ್ಲ ಎಂದು ಶಾಲೆಯಲ್ಲಿ ನಮಗೆ ಕಲಿಸಿದ ಗಣಿತದ ಮಾಸ್ತರರನ್ನು ನೆನೆದೆ. ಒಂದು ನಂಬರು ಕೂಡಿದರೆ ಎಂಟು ಬರುತ್ತದೆಂದು ಮನೆಯವಳು ಬೇಡವೆಂದಳು, ಎಂಟು ಶನಿಯದು. ಇನ್ನೊಂದು ನನಗೆ ಬಾಯಿಗೇ ಹತ್ತಲಿಲ್ಲ. ಕೊನೆಗೆ ಅಗ್ಗದ್ದನ್ನೇ ಆರಿಸಿದೆವು.

ಇದರ ದುಡ್ಡು ಯಾರು ಕೊಡುವುದು ಎಂದು ಆಗ ಕೇಳಿದೆ. “ನಾವು” ಎಂದ ಮಗ. ಕರೆ ಮಾಡಿದವರಿಗೆ ಪುಕ್ಕಟೆ, ಎತ್ತಿದವರಿಗೆ ನಿಮಿಷದ ಲೆಕ್ಕ. ನನಗೆ ಫಕ್ಕನೆ ಬೇರಿಂಗ್ ಕಾಗದ ನೆನಪಾಯಿತು. ಧಾರವಾಡದ ಹಾಸ್ಟೆಲಿನಲ್ಲಿದ್ದ ಚಿಕ್ಕಪ್ಪ ಕೈ ಖಾಲಿಯಾದಾಗ ಅಂಚೆಚೀಟಿ ಹಚ್ಚದೆ ಕಾಗದ ಹಾಕುತ್ತಿದ್ದ. ಅಜ್ಜ ಚೀಟಿಯ ಎರಡರಷ್ಟು ದುಡ್ಡು ತೆತ್ತು ಬಿಡಿಸಿಕೊಳ್ಳುತ್ತಿದ್ದ. ಒಳಗೆ ‘ಇನ್ನಷ್ಟು ದುಡ್ಡು ಕಳಿಸಿ’ ಎಂದಿರುತ್ತಿತ್ತು. ಆಗ ಮಾನ ಹೋಗುವಂತಿದ್ದ ಕೆಲಸ ಈಗ ಮಾನ ಹೆಚ್ಚಿಸುವ ವ್ಯವಹಾರವಾಗಿದೆ. ಹಾಗೆ ನೋಡಿದರೆ ಈಗ ಎಲ್ಲರ ಮೊಬೈಲಿಗೂ ಎಷ್ಟು ಬೇಕಾದರೂ ಮಾತಾಡುವ ಪ್ಯಾಕ್ ಇದೆ. ಅವರಿಗೆ ಉಳಿಯುವುದು ಏನೂ ಇಲ್ಲ, ನಮಗೆ ಖರ್ಚಾಗುವುದು ಮಾತ್ರ ಇದೆ. ಹೀಗೆಂದಾಗ ಮಗ “ಅದು ಇಮೇಜು ಅಪ್ಪಯ್ಯ” ಎಂದ.

ಕರೆ ಬಂದ ಕೂಡಲೇ ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎನ್ನುವ ಧ್ವನಿಯನ್ನೂ ಹಾಕಿಕೊಡುತ್ತೇವೆ ಎಂದಿದ್ದ ಆ ಹುಡುಗ. ಮನೆಯವಳು ಒಪ್ಪಲಿಲ್ಲ. “ಬಾಗಿಲಿಗೆ ಬಂದವರನ್ನು ‘ಆಸರಿಗೆ ಬೇಕಾ’ ಅಂತ ಕೇಳೋದು ಬಿಟ್ಟು ಒಂದು ಒತ್ತಿ, ಎರಡು ಒತ್ತಿ ಅನ್ನೋದಾ?” ಹಾಗಾಗಿ ಕರೆಗಳೆಲ್ಲ ನೇರವಾಗಿ ಅಡುಗೆಮನೆಯ ಕಟ್ಟೆಯ ಮೇಲಿರುವ ಅವಳ ಮೊಬೈಲಿಗೇ ಬರತೊಡಗಿದವು.

ನಂಬರಿಗೆ ಊರಿಲ್ಲದಿದ್ದರೇನು, ಅವಳು ಕೇಳುವ ಮೊದಲ ಪ್ರಶ್ನೆಯೇ “ಯಾವೂರಾಯ್ತು ನಿಮಗೆ?” ಎಂದು. ಮಂಡ್ಯ ಎಂದರೆ ಮಳೆ ಹೇಗೆ, ಕಟ್ಟೆಯಲ್ಲಿ ನೀರೆಷ್ಟು ಎಂದು ವಿಚಾರಿಸುತ್ತಾಳೆ. ಪುಣೆ ಎಂದರೆ ಅಲ್ಲಿಗೆ ಹೋದದ್ದು ಯಾವಾಗ, ಮೂಲ ಎಲ್ಲಿ ಎನ್ನುತ್ತಾಳೆ. ಮೂಲ ಸಿದ್ದಾಪುರ ಎಂದು ತಿಳಿದರೆ ಆ ದಿನದ ಸಾರು ಉಕ್ಕಿತೆಂದೇ ಅರ್ಥ. ಪುಣೆಯ ಒಬ್ಬ ಅಜ್ಜಿ ಎರಡು ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ಅವರಿಗೆ ರಕ್ತದೊತ್ತಡ, ಉಪ್ಪಿನಕಾಯಿ ವರ್ಜ್ಯ. ಮೊದಲ ಬಾಟಲಿಯ ಮುಚ್ಚಳವನ್ನೇ ಇನ್ನೂ ತೆಗೆದಿಲ್ಲವಂತೆ.

ತಿಂಗಳ ಬಿಲ್ ನೋಡಿ ಮಗನ ಮುಖ ಹುಳಿಯಾಯಿತು. ಒಂದು ಬಾಟಲಿಯ ಲಾಭ ಒಂದು ಕರೆಗೆ ಸಾಲುತ್ತಿರಲಿಲ್ಲ. 1860 ನಂಬರಿಗೆ ಬದಲಾಯಿಸೋಣ, ಅದರಲ್ಲಿ ಕರೆ ಮಾಡಿದವರ ಮೇಲೂ ಒಂದಿಷ್ಟು ಬೀಳುತ್ತದೆ ಎಂದ. “ಬಂದ ನೆಂಟರ ಹತ್ತಿರ ಊಟದ ಅರ್ಧ ದುಡ್ಡು ಕೇಳಿದ ಹಾಗಾಯ್ತು” ಎಂದಳು ತಾಯಿ. ಅಲ್ಲಿಗೆ ಆ ಪ್ರಸ್ತಾಪ ಮುಗಿಯಿತು.

ನಡುವೆ ನ್ಯೂಜೆರ್ಸಿಯಲ್ಲಿರುವ ತಂಗಿಯ ಮಗನ ಕರೆ ಬಂತು, ಅದೂ ಲ್ಯಾಂಡ್‌ಲೈನಿಗೆ. ಆ ಪೆಟ್ಟಿಗೆ ರಿಂಗಾದದ್ದು ಕೇಳಿ ಹಲ್ಲಿ ಬಿತ್ತೋ ಎಂದು ಹೆದರಿದೆವು. “ಮಾವ, ನಿಮ್ಮ 1800 ಇಲ್ಲಿಂದ ಹತ್ತೋದೇ ಇಲ್ಲ” ಎಂದ. ನಮ್ಮ ಟೋಲ್ ಫ್ರೀ ನಂಬರು ದೇಶ ದಾಟುವುದಿಲ್ಲವಂತೆ. 1967ರಲ್ಲಿ ಇಂಥ 800 ನಂಬರಿನ ಪದ್ಧತಿ ಶುರುಮಾಡಿದ ದೇಶದಿಂದಲೇ ಸಿಗಲಿಲ್ಲ ನೋಡಿ! ಎಲ್ಲಾ ಕಡೆಯದು ಎನಿಸಿಕೊಂಡದ್ದು ಗಡಿಯಲ್ಲಿ ನಿಂತಿತು. ಹುಡುಗ ನೆನಪಿನಿಂದ ತಿರುಗಿಸಿದ 8384 ಮಾತ್ರ ಸಮುದ್ರ ದಾಟಿ ನಮ್ಮ ಜಗಲಿಗೆ ಬಂತು.

ಕಳೆದ ವಾರ ಒಂದು ಸಂಜೆ, ನಂಬರು ಸರಿಯಾಗಿ ಕೆಲಸ ಮಾಡುತ್ತದೋ ನೋಡೋಣವೆಂದು ಜಗಲಿಯಲ್ಲಿ ಕೂತು ನನ್ನ ಮೊಬೈಲಿನಿಂದ ಒತ್ತಿದೆ. ಕರೆ ಯಾವ ಊರಿನ ಯಾವ ಯಂತ್ರ ಸುತ್ತಿ ಬಂತೋ, ಹತ್ತು ಹೆಜ್ಜೆಯಾಚೆ ಅಡುಗೆಮನೆಯಲ್ಲಿ ರಿಂಗಾಯಿತು. ಬಾಗಿಲಿನಿಂದಲೂ ಫೋನಿನಿಂದಲೂ ಅವಳ ದನಿ ಒಟ್ಟೊಟ್ಟಿಗೆ ಕೇಳಿತು.

“ನಮಸ್ಕಾರ. ಯಾವೂರಾಯ್ತು ನಿಮಗೆ?”

ನಲವತ್ತು ವರ್ಷದಲ್ಲಿ ಅವಳು ನನ್ನನ್ನು ಇದನ್ನು ಕೇಳಿರಲಿಲ್ಲ. ಗಂಟಲು ಸರಿಮಾಡಿಕೊಂಡು, “ಇದೇ ಊರು” ಎಂದೆ.

“ಇದೇ ಊರಾದರೆ ಮನೆಗೇ ಬನ್ನಿ ಮಾರಾಯ್ರೆ. ಫೋನಿಗೆ ಯಾಕೆ ದಂಡ?” ಎಂದವಳು, ನಾನು ಇಡುವ ಮೊದಲೇ ಸೇರಿಸಿದಳು, “ಹಾಗೇ ಬರುವಾಗ ಜಗಲಿ ಲೈಟು ಹಾಕಿ.”