ರಾಗಿಯ ಮೇಲಿನ ಚಾಪೆ

ಹಾಸನದ ಕಡೆಯವನಾದ ನನಗೆ ರಾಗಿ ಗೊತ್ತು, ಹಿಮ ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದೂ ಗೊತ್ತಿರಲಿಲ್ಲ!

ಮನಾಲಿಯ ಮೇಲಿನ ಕಣಿವೆ, ನವೆಂಬರ್ ತಿಂಗಳು. ಎರಡು ದಿನ ಬಿಡದೆ ಸುರಿದ ಹಿಮ ನಿಂತು ಆಕಾಶ ತೊಳೆದ ತಟ್ಟೆಯಂತಿತ್ತು. ಎದುರಿನ ಇಳಿಜಾರು ಹತ್ತೋಣವೆಂದು ಮಗ ಹಟ ಹಿಡಿದ. ನಾನೂ ದನಿಗೂಡಿಸಿದೆ. ದಾರಿ ತೋರಿಸಲು ಬಂದಿದ್ದ ಪಹಾಡಿ ಮುದುಕ, 'ಇವತ್ತು ಬೇಡ ಸಾಬ್' ಎಂದ. ಕೊಟ್ಟ ಹಣ ನೆನಪಾಗಿ ನನಗೆ ಸಿಟ್ಟು ಬಂತು. 'ಚಳಿಗಾಲವೇ ಶುರುವಾಗಿಲ್ಲ, ಇಷ್ಟಕ್ಕೇ ಹೆದರಿಕೆಯೇ?' ಎಂದು ಹಂಗಿಸಿದೆ.

ಆತ ಮಾತಾಡದೆ ಬುಡದಲ್ಲೇ ಒಂದು ಗುಂಡಿ ತೋಡಿದ. ಮೇಲೆ ಹೊಸ ಹಿಮ, ಗಾಳಿಯ ಒತ್ತಡಕ್ಕೆ ಹಲಗೆಯಂತಾಗಿತ್ತು. ತಳದಲ್ಲಿ ಅಕ್ಟೋಬರಿನ ಮೊದಲ ಹಿಮ. ಆ ತೆಳು ಪದರ ನೆಲದ ಬಿಸುಪಿಗೂ ರಾತ್ರಿಯ ಕೊರೆತಕ್ಕೂ ನಡುವೆ ಸಿಕ್ಕಿ, ಹರಳುಗಟ್ಟಿ, ಅಂಟು ಕಳೆದುಕೊಂಡಿತ್ತು. ಹಿಡಿದರೆ ಬೆರಳ ಸಂದಿಯಿಂದ ಸಕ್ಕರೆಯಂತೆ ಸುರಿಯಿತು.

ಚಿಕ್ಕಂದಿನಲ್ಲಿ ರಾಗಿ ಚೆಲ್ಲಿದ್ದ ಜಗಲಿಯ ಮೇಲೆ ಚಾಪೆ ಹಾಸಿ ಓಡಿದ್ದೆ. ಚಾಪೆಯ ಸಮೇತ ಅಂಗಳಕ್ಕೆ ಬಿದ್ದಿದ್ದೆ. ಇಲ್ಲಿಯೂ ಅದೇ ಲೆಕ್ಕ. ಆದರೆ ಚಾಪೆಯ ತೂಕ ಸಾವಿರಾರು ಮಣ. 30ರಿಂದ 45 ಡಿಗ್ರಿ ಓರೆಯಿದ್ದರೆ, ಒಬ್ಬನ ಹೆಜ್ಜೆ ಸಾಕು. ಹಿಮದಡಿ ಹೂತವನನ್ನು ಕಾಲು ಗಂಟೆಯೊಳಗೆ ತೆಗೆಯದಿದ್ದರೆ ಬದುಕುವ ಆಸೆ ಕಡಿಮೆ.

ನಾವು ಇಳಿದೆವು. ಆ ದಿನ ಇಳಿಜಾರು ಕುಸಿಯಲಿಲ್ಲ. ಹಾಗಾಗಿ ನನ್ನ ಗೊಣಗಾಟವೂ ನಿಲ್ಲಲಿಲ್ಲ.

2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ದ್ರೌಪದಿ ಕಾ ದಂಡಾ ಶಿಖರದಲ್ಲಿ ಹಿಮ ಕುಸಿದು, ಪರ್ವತಾರೋಹಣ ಕಲಿಯಲು ಹೋಗಿದ್ದ ತಂಡದ 25ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಮಗ ಫೋನು ಮಾಡಿದ: 'ಅಪ್ಪಾ, ಪೇಪರ್ ನೋಡಿದ್ಯಾ?' ಮುಂದೆ ಇಬ್ಬರಿಗೂ ಮಾತು ಹೊರಡಲಿಲ್ಲ.

ಮುದುಕನಿಗೆ ಅಂದು ಕೂಲಿ ಕೊಟ್ಟಿದ್ದೆ, ಕೈಮುಗಿದಿರಲಿಲ್ಲ.